ಒಂದೇ ಸಲ ಹಾರುವ ರಾಜ

ಭಾನುವಾರದ ದೋಸೆ ಮುಗಿದಿತ್ತು. ವಿಜಯನಗರದ ನಮ್ಮ ಮನೆಯ ಊಟದ ಮೇಜಿಗೆ ಮೊಣಕೈ ಊರಿ ಮಗಳು ಫೋನಿನಲ್ಲಿ ಚೆಸ್ ಆಡುತ್ತಿದ್ದಳು. ಹಲ್ಲಿನ ಡಾಕ್ಟರಿಕೆ ಓದುತ್ತಿರುವವಳು. ಬೆರಳು ಚುರುಕು, ಮಾತು ಅದಕ್ಕಿಂತ ಚುರುಕು. ಅವಳು ಚೆಸ್ ಆಡುವುದನ್ನು ಕಂಡಾಗಲೆಲ್ಲ ನನ್ನ ಅವ್ವನ ಕಥೆ ಹೇಳುವುದು ನನ್ನ ಚಾಳಿ. ಅವತ್ತೂ ಹೇಳಿದೆ.

ಕಥೆ ಇಷ್ಟೇ. ದೇವರಾಜ ಮೊಹಲ್ಲಾದಲ್ಲಿ ನಮ್ಮಪ್ಪನದು ಗುಂಡಿ, ದಾರ, ಲೇಸು ಮಾರುವ ಅಂಗಡಿ. ಮಧ್ಯಾಹ್ನ ಅವ್ವ ಕುಂಬಾರಕೊಪ್ಪಲಿನ ಮನೆಯಿಂದ ಬುತ್ತಿ ತರುತ್ತಿದ್ದಳು. ಅಪ್ಪ ಉಂಡು ಒಳಗಿನ ಅಟ್ಟ ಹತ್ತಿ ಮಲಗಿದರೆ ಬಿಸಿಲು ಇಳಿಯುವ ತನಕ ಗಲ್ಲಾದಲ್ಲಿ ಅವ್ವ. ಆ ಹೊತ್ತಿನಲ್ಲಿ ಗಿರಾಕಿ ಕಡಿಮೆ. ದಾರದ ಪೆಟ್ಟಿಗೆಯೊಂದರ ಮುಚ್ಚಳದ ಮೇಲೆ ಚೌಕಗಳನ್ನು ಕೊರೆದಿದ್ದರು. ಅದೇ ಚದುರಂಗದ ಮಣೆ. ಕಳೆದುಹೋದ ಕಾಲಾಳುಗಳ ಬದಲಿಗೆ ಕೋಟಿನ ದೊಡ್ಡ ಗುಂಡಿಗಳು. ಎದುರಿನ ಪಾತ್ರೆ ಅಂಗಡಿಯವರೋ ಪಕ್ಕದ ದರ್ಜಿಯೋ, ಯಾರಿಗೆ ಬಿಡುವಿದೆಯೋ ಅವರು ಬಂದು ಅವ್ವನ ಎದುರು ಸ್ಟೂಲು ಎಳೆದುಕೊಳ್ಳುತ್ತಿದ್ದರು. ಒಂದು ದಿನ ಕರಿ ಕೋಟಿನ ವಕೀಲರೊಬ್ಬರು ಕೋಟಿಗೆ ಹೊಂದುವ ಗುಂಡಿ ಹುಡುಕಿಕೊಂಡು ಬಂದರು. ಮಣೆ ನೋಡಿದರು. ಕೂತರು. ಅವ್ವನ ಆನೆ, ಒಂಟೆಗಳನ್ನು ಒಂದೊಂದಾಗಿ ಬಿಗಿದರು. ಕೊನೆಗೆ ಅವ್ವನ ರಾಜ ತನ್ನದೇ ಗುಂಡಿಗಳ ಹಿಂದೆ ಸಿಕ್ಕಿಬಿದ್ದ. ವಕೀಲರು "ಮುಗೀತಲ್ಲಮ್ಮ" ಎಂದು ಮೇಲೇಳುವುದರಲ್ಲಿದ್ದರು. ಆಗ ಅವ್ವ ರಾಜನನ್ನು ಎತ್ತಿ, ಗುಂಡಿಗಳ ತಲೆಯ ಮೇಲಿಂದ ಕುದುರೆಯ ಹಾಗೆ ಹಾರಿಸಿ ಬಯಲಿನಲ್ಲಿ ಇಟ್ಟಳು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಗೆದ್ದವಳು ಅವ್ವ.

"ಎಷ್ಟ್ ಸಲ ಕೇಳಿದ್ದೀನಿ ಅಪ್ಪ ಇದನ್ನ" ಎಂದಳು ಮಗಳು. "ಇವತ್ತು ಹೊಳೀತು ನೋಡಿ. ರಾಜ ಹಂಗೆ ಹಾರಲ್ಲ."

"ಹಾರಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ."

ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು. ತನ್ನ ರಾಜನ ಮೇಲೆ ಬೆರಳಿಟ್ಟು ಕುದುರೆ ನಡೆಗೆ ಎಳೆದಳು. ರಾಜ ಅಲ್ಲಿಯ ತನಕ ಹೋಗಿ, ರಬ್ಬರಿಗೆ ಕಟ್ಟಿದವನ ಹಾಗೆ ಹಿಂದಕ್ಕೆ ಬಂದು ತನ್ನ ಮನೆಯಲ್ಲೇ ಕೂತ. ಮತ್ತೆ ಎಳೆದಳು. ಮತ್ತೆ ಬಂದು ಕೂತ.

"ನೋಡಿ. ಒಂದೋ ಅಜ್ಜಿ ಮೋಸ ಮಾಡಿದ್ದಾರೆ, ಇಲ್ಲಾ ನೀವು ಕಥೆ ಕಟ್ಟಿದ್ದೀರಿ."

"ಕಟ್ಟೋದ್ರಲ್ಲಿ ನಿಮ್ಮಪ್ಪ ಎತ್ತಿದ ಕೈ ಕಣಮ್ಮ" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಮಗಳ ಆ ಮಾತು ಒಳಗೆ ಇಳಿದು ಅಲ್ಲೇ ಕೂತಿತು.

ನಿಜ ಹೇಳಬೇಕೆಂದರೆ ಇದು ನನಗೇ ಎಂದೋ ಹೊಳೆಯಬೇಕಿತ್ತು. ಚೆಸ್ಸಿನ ಅಚ್ಚಾದ ನಿಯಮಗಳನ್ನು ನಾನು ಕಲಿತದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ಅಲ್ಲಿ ರಾಜ ಎಂದೂ ಹಾರಿರಲಿಲ್ಲ. ಆದರೆ ನಿಯಮ ತಲೆಯ ಒಂದು ಡಬ್ಬಿಯಲ್ಲಿತ್ತು, ಅವ್ವ ಇನ್ನೊಂದು ಡಬ್ಬಿಯಲ್ಲಿದ್ದಳು. ಇಷ್ಟು ವರ್ಷ ಎರಡನ್ನೂ ಒಟ್ಟಿಗೆ ತೆರೆದಿರಲಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ, ನಿವೃತ್ತನಾಗುವ ತನಕ ಕಲಿಸಿದ್ದೂ ಅದನ್ನೇ. ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸಿ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮನುಷ್ಯ ತನ್ನ ನೆನಪನ್ನು ಹೇಳುವಾಗಲೆಲ್ಲ ಸ್ವಲ್ಪ ಸ್ವಲ್ಪ ತಿದ್ದುತ್ತಾನೆ, ಆಮೇಲೆ ತಿದ್ದಿದ್ದನ್ನೇ ನೆನಪು ಎನ್ನುತ್ತಾನೆ ಎಂದೂ ಹೇಳಿದ್ದೇನೆ. ಈಗ ಆ ಪಾಠ ನನ್ನ ಮನೆಗೇ ಬಂದಿತ್ತು. ಆ ದಿನ ನಾನು ಸ್ಲೇಟು ಹಿಡಿದು ಶಾಲೆಗೆ ಹೋಗುವ ವಯಸ್ಸಿನವನು. ಗಲ್ಲಾದ ಪಕ್ಕ ದಾರದ ಉಂಡೆಗಳ ನಡುವೆ ಕೂತಿದ್ದೆ. ಕಂಡದ್ದೆಷ್ಟು, ಆಮೇಲೆ ಸೇರಿಸಿದ್ದೆಷ್ಟು?

ನನ್ನನ್ನು ಹೆಚ್ಚು ಕಾಡಿದ್ದು ಹಾರಿದ ರಾಜನಲ್ಲ, ಆ ನಗು. ಗೊಳ್ಳೆಂದು ನಕ್ಕರಲ್ಲ, ಯಾರನ್ನು ನೋಡಿ ನಕ್ಕರು? ವಕೀಲರು ಸೋತರೆಂದು ನಕ್ಕರು ಎಂದೇ ಜೀವಮಾನವಿಡೀ ನಂಬಿದ್ದೆ. ಮಗಳ ಮಾತು ಕೇಳಿದ ಮೇಲೆ ಅದೇ ನಗು ಬೇರೆಯಾಗಿ ಕೇಳಿಸತೊಡಗಿತು. ಸಿಕ್ಕಿಬಿದ್ದ ಹೆಂಗಸೊಬ್ಬಳು ಇಲ್ಲದ ನಡೆ ನಡೆಸಿದಾಗ, "ಹೋಗ್ಲಿ ಬುಡಿ ಸ್ವಾಮಿ" ಎಂದು ಗಂಡಸರು ನಗುವ ನಗುವಿರಬಹುದೇ ಅದು? ವಕೀಲರು ಬಿಟ್ಟುಕೊಟ್ಟು ಎದ್ದುಹೋದರೇ? ಹಾಗಿದ್ದರೆ, ನಾನು ಹೆಮ್ಮೆಯಿಂದ ಹೇಳಿಕೊಂಡು ಬಂದದ್ದು ಅವ್ವನಿಗೆ ಆದ ಒಂದು ಸಣ್ಣ ಅವಮಾನದ ಕಥೆ. ಅವ್ವ ತೀರಿಕೊಂಡು ವರ್ಷಗಳಾಗಿವೆ. ಅವಳನ್ನು ಕೇಳುವಂತಿಲ್ಲ.

ಆ ದಿನದ ಇನ್ನೊಂದು ಚೂರೂ ನನ್ನಲ್ಲಿ ಉಳಿದಿತ್ತು. ಆಟದ ನಡುವೆ ವಕೀಲರು ಸುತ್ತಲಿನವರ ಕಡೆ ತಿರುಗಿ, "ನಾನು ಷಾ ಅನ್ನೋದು ಒಂದೇ ಸಲ" ಎಂದಿದ್ದರು. ಈಗ ಎಲ್ಲರೂ ಚೆಕ್ ಎನ್ನುವುದನ್ನು ಆಗ ಅಂಗಡಿಯಲ್ಲಿ ಷಾ ಎನ್ನುತ್ತಿದ್ದರು: ರಾಜನ ಮೇಲೆ ನೇರವಾಗಿ ಏರಿಹೋದಾಗ ಹೇಳುವ ಮಾತು. ಈ ಚೂರನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದರಿಂದ ಕಥೆಗೆ ಏನೂ ಸೇರುತ್ತಿರಲಿಲ್ಲ. ಜೇಬಿನ ಮೂಲೆಯಲ್ಲಿ ಉಳಿದ ಹಳೇ ಗುಂಡಿಯ ಹಾಗೆ ಸುಮ್ಮನೆ ಇತ್ತು.

"ಫೋನ್‌ನಲ್ಲೇ ಹುಡುಕಿದ್ರೆ ಗೊತ್ತಾಗುತ್ತಲ್ಲ" ಎಂದಳು ಹೆಂಡತಿ, ಸಂಜೆಯೂ ನಾನು ಅದೇ ಗುಂಗಿನಲ್ಲಿರುವುದನ್ನು ನೋಡಿ.

ಹುಡುಕಬಾರದು ಎಂದು ನನಗೆ ಆಗಲೇ ಗೊತ್ತಿತ್ತು. ಫೋನು ಏನಾದರೊಂದನ್ನು ತೋರಿಸಿಯೇ ತೋರಿಸುತ್ತದೆ. ಒಮ್ಮೆ ನೋಡಿದೆನೆಂದರೆ ನಾನು ಅಂಗಡಿಯಲ್ಲಿ ಕಂಡದ್ದು ಯಾವುದು, ಪರದೆಯಲ್ಲಿ ಓದಿದ್ದು ಯಾವುದು ಎಂದು ನನಗೇ ಬೇರ್ಪಡಿಸಲಾಗುವುದಿಲ್ಲ. ಸಾಕ್ಷಿಗೆ ಉತ್ತರ ಹೇಳಿಕೊಟ್ಟು ಆಮೇಲೆ ಸಾಕ್ಷಿ ಕೇಳಿದ ಹಾಗೆ. ಇನ್ನೂ ಒಂದು ವಿಷಯವಿತ್ತು. ನಾನೂ ಫೋನಿನಲ್ಲಿ ಚೆಸ್ ಆಡುತ್ತಿದ್ದವನೇ. ಬಸ್ಸಿಗೆ ಕಾಯುವಾಗ, ಅನ್ನ ಬೇಯುವಾಗ, ಯಾರಾದರೂ ಮಾತಾಡುತ್ತಿರುವಾಗಲೂ. ಕೂತಲ್ಲಿ ಕೂರಲಾರದ ನನ್ನಂಥವನಿಗೆ ಅದು ಹೇಳಿ ಮಾಡಿಸಿದ ಆಟ: ಸೋತರೆ ಒಂದು ಒತ್ತು, ಹೊಸ ಆಟ. ಆ ಸಾವಿರಾರು ಆಟಗಳಲ್ಲಿ ಒಂದೇ ಒಂದನ್ನು ನೆನಪಿಸಿಕೊಳ್ಳೋಣವೆಂದು ಕೂತರೆ ಒಂದು ನಡೆಯೂ ಬರಲಿಲ್ಲ. ನಿನ್ನೆಯ ಆಟ ನೆನಪಿಲ್ಲದವನು ಐವತ್ತು ವರ್ಷಕ್ಕೂ ಹಿಂದಿನ ಆಟಕ್ಕೆ ಸಾಕ್ಷಿ ಹೇಳುವುದೆಂದರೆ ಮಗಳು ನಗದೆ ಇನ್ನೇನು ಮಾಡಿಯಾಳು?

ಮರುದಿನ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಅವಳ ಹಳೇ ಬಟನ್ ಫೋನು ಇಸಿದುಕೊಂಡೆ. ಟೀವಿಯ ಕೋಣೆಯಿಂದ ನನ್ನ ಕುರ್ಚಿಯನ್ನು ಹಿಂದಿನ ವರಾಂಡಕ್ಕೆ ಸಾಗಿಸಿದೆ.

"ಎಷ್ಟ್ ದಿನ?" ಎಂದಳು.

"ಗೊತ್ತಿಲ್ಲ. ಚೆಸ್ ಓದಬೇಕು."

"ಪರೀಕ್ಷೆ ಇಟ್ಟಿದ್ದಾರಾ?"

"ನಾನೇ ಇಟ್ಕೊಂಡಿದ್ದೀನಿ."

ಮೊದಲ ವಾರ ಕೈ ಜೇಬಿಗೆ ಹೋಗಿ ಹೋಗಿ ವಾಪಸ್ಸು ಬರುತ್ತಿತ್ತು. ಬಟನ್ ಫೋನನ್ನೇ ತೆಗೆದು ಗಂಟೆ ನೋಡಿ ಇಡುತ್ತಿದ್ದೆ. ಹೆಂಡತಿ ವರಾಂಡಕ್ಕೆ ಬಂದು ವರದಿ ಒಪ್ಪಿಸುತ್ತಿದ್ದಳು: "ನಿಮಗೆ ಇವತ್ತು ಆರು ಜನ ಶುಭೋದಯ ಹೇಳಿದ್ದಾರೆ ಕಣ್ರೀ. ಒಬ್ಬರದು ಸೂರ್ಯ, ಮಿಕ್ಕಿದ್ದೆಲ್ಲ ಗುಲಾಬಿ." ನಾನು ಮರದ ಮಣೆ, ಕಾಯಿಗಳನ್ನು ಕೊಂಡು ತಂದಿದ್ದೆ. ಹಳೇ ಪುಸ್ತಕದಂಗಡಿಯಲ್ಲಿ ಹೊದಿಕೆ ಕಿತ್ತುಹೋದ ಒಂದು ಚೆಸ್ ಪುಸ್ತಕವೂ ಸಿಕ್ಕಿತು. ಅದರ ಆಟಗಳನ್ನು ಒಂದೊಂದೇ ನಡೆಯಂತೆ ಮಣೆಯ ಮೇಲೆ ಆಡಿ ನೋಡುವುದು, ಆಮೇಲೆ ಪುಸ್ತಕ ಮುಚ್ಚಿ ಮತ್ತೆ ಮೊದಲಿಂದ ಆಡುವುದು, ಇದು ನನ್ನ ಓದು. ಐದನೇ ನಡೆಗೇ ಎಡವುತ್ತಿದ್ದೆ. ಸಿಟ್ಟು ಬಂದು ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಮತ್ತೆ ಕೂರುತ್ತಿದ್ದೆ. ಮರದ ಮಣೆಯ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಇಲ್ಲ. ಕಾಯಿ ಎಲ್ಲಿಂದ ಬಂತೆಂದು ನಾನೇ ನೆನಪಿಟ್ಟಿರಬೇಕು.

ಆಮೇಲೆ ಒಂದು ಬೆಳಿಗ್ಗೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ, ಹಿಂದಿನ ದಿನದ ಆಟ ತಾನಾಗಿ ತಲೆಯಲ್ಲಿ ಶುರುವಾಯಿತು. ಕುದುರೆ ಹೊರಟಿತು, ಒಂಟೆ ಹೊರಟಿತು, ಮಂತ್ರಿ ಸಿಕ್ಕಿಬಿದ್ದ. ಮಣೆಯಿಲ್ಲ, ಪುಸ್ತಕವಿಲ್ಲ. ಏರಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಆಟ ಪೂರ್ತಿ ಮುಗಿದಿತ್ತು. ಎದುರು ಬಂದ ಪರಿಚಯದವರೊಬ್ಬರು "ಏನ್ ಸಾರ್, ಒಬ್ಬೊಬ್ಬರೇ ನಗ್ತಾ ಇದ್ದೀರಿ" ಎಂದರು. ಡಿಗ್ರಿ ಬಂದ ದಿನವೂ ನಾನು ಹಾಗೆ ಬೀಗಿರಲಿಲ್ಲ. ಸಾಕ್ಷಿ ಹೇಳಲು ನನ್ನ ತಲೆ ಇನ್ನೂ ಯೋಗ್ಯ ಎಂದು ಅಷ್ಟಾದರೂ ಖಾತ್ರಿಯಾಯಿತು.

ಆದರೆ ಓದು ಹೆಚ್ಚಿದಂತೆ ಅವ್ವನ ಆಟ ಇನ್ನಷ್ಟು ಅನುಮಾನಕ್ಕೆ ಬಿತ್ತು. ಪುಸ್ತಕದಲ್ಲಿ ಕೋಟೆ ಕಟ್ಟುವ ನಡೆಯೊಂದಿದೆ: ರಾಜ ಎರಡು ಮನೆ ಪಕ್ಕಕ್ಕೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಈಚೆ ಬಂದು ಕೂರುತ್ತದೆ. ಅವ್ವ ಅದನ್ನು ಮಾಡಿದ್ದನ್ನೇ ನಾನು ಹಾರಿದ್ದೆಂದು ತಿಳಿದಿದ್ದೆನೇ? ಮಗು ಕಂಡದ್ದನ್ನು ದೊಡ್ಡವನು ಬೆಳೆಸಿರಬಹುದು. ಆದರೆ ನನ್ನ ನೆನಪಿನಲ್ಲಿ ರಾಜ ಗುಂಡಿಗಳ ಮೇಲಿಂದಲೇ ಹೋಗುತ್ತಾನೆ, ಪಕ್ಕಕ್ಕಲ್ಲ.

ನನ್ನ ಬಳಿ ಇನ್ನೊಬ್ಬ ಸಾಕ್ಷಿ ಇದ್ದಳು. ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಆಗ ಅಂಗಡಿಯಲ್ಲಿ ಅವ್ವನ ಜೊತೆ ಇರುತ್ತಿದ್ದವಳು. ಎದುರಾಳಿ ಸಿಗದ ದಿನ ಅವ್ವ ಇವಳನ್ನೇ ಕೂರಿಸಿಕೊಂಡು ಆಡುತ್ತಿದ್ದಳು. ಮದುವೆಯಾಗಿ ಕುಂಬಾರಕೊಪ್ಪಲಿನಲ್ಲೇ ಎರಡು ಬೀದಿಯಾಚೆ ಸಂಸಾರ ಹೂಡಿದಳು, ಈಗಲೂ ಅಲ್ಲೇ ಇದ್ದಾಳೆ. ಮದುವೆಯಾದ ಮೇಲೆ ಕಾಯಿ ಮುಟ್ಟಿದವಳಲ್ಲ. "ಅಕ್ಕನ್ನೇ ಕೇಳಿ" ಎಂದಳು ಹೆಂಡತಿ. ಕೇಳುವಂತಿರಲಿಲ್ಲ. ಈ ಕಥೆಯನ್ನು ಮದುವೆ, ನಾಮಕರಣ, ತಿಥಿಗಳಲ್ಲಿ ಅವಳ ಮುಂದೆಯೇ ನಾನು ಎಷ್ಟು ಸಲ ಹೇಳಿದ್ದೇನೋ. ಈಗ ಕೇಳಿದರೆ "ಹೂಂ ಕಣೋ, ಹಾರಿಸಿದ್ಲು" ಎನ್ನುತ್ತಾಳೆ. ಅದು ಅವಳ ನೆನಪೋ ನನ್ನ ಕಥೆಯ ಪ್ರತಿಧ್ವನಿಯೋ ಯಾರಿಗೆ ಗೊತ್ತು?

ಹಾಗಾಗಿ ಕೇಳದೆ ಆಡಿಸಿ ನೋಡುವುದೆಂದು ತೀರ್ಮಾನಿಸಿದೆ. ಬಾಯಿ ನನ್ನ ಕಥೆ ಕೇಳಿದೆ, ಕೈ ಕೇಳಿಲ್ಲ. ರಾಜನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು, ಅವಳ ಕೈ ಏನು ಮಾಡುತ್ತದೋ ಸುಮ್ಮನೆ ನೋಡುವುದು.

ಮಣೆ ಹಿಡಿದು ಹೋದಾಗ ಅಕ್ಕ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಭಾವ ಪೇಪರಿನ ಹಿಂದೆ ಇದ್ದರು.

"ಚೆಸ್ಸಾ? ನಂಗೆಲ್ಲಿ ಬತ್ತದೋ ಈಗ. ಕುದ್ರೆ ಯಾವ್ದು ಕತ್ತೆ ಯಾವ್ದು ಅಂತಾನೇ ಮರ್ತೋಗದೆ."

"ಸುಮ್ನೆ ಆಡಕ್ಕ. ಹೊತ್ತು ಹೋಗುತ್ತೆ."

"ನಿಂಗ್ ಒತ್ತು ಹೋಗ್ಲಿಲ್ಲ ಅಂದ್ರೆ ಈ ಕಾಳು ಹಿದುಕು, ಬಾ." ಹಾಗೆಂದರೂ ಸೆರಗಿಗೆ ಕೈ ಒರೆಸಿಕೊಂಡು ಕೂತಳು.

ನಾನು ಕಾಲಾಳನ್ನು ಎರಡು ಮನೆ ಮುಂದಕ್ಕಿಟ್ಟೆ. "ಎರಡು ಮನೆ ಓಡ್ತಾನಾ ಇವ್ನು?" ಎಂದಳು. ಮೊದಲ ನಡೆಗೆ ಓಡಬಹುದು ಎಂದೆ. "ಓಡ್ಲಿ ಬುಡು." ಸ್ವಲ್ಪ ಹೊತ್ತಿನ ಮೇಲೆ ನಾನು ಕೋಟೆ ಕಟ್ಟಿದೆ. ಅವಳು ಭಾವನ ಕಡೆ ತಿರುಗಿ, "ನೋಡ್ದ್ರಾ, ಪ್ರೊಫೆಸರು ಒಂದೇ ಸಲಕ್ಕೆ ಎರಡು ಕಾಯಿ ನಡೆಸ್ತಾನೆ. ಕೇಳೋರಿಲ್ಲ ಇವನ್ನ" ಎಂದಳು. ನಿಯಮವೇ ಹಾಗೆ ಎಂದು ವಿವರಿಸಿದೆ. ಪಾಪ, ಎಲ್ಲ ಮರೆತಿದ್ದಾಳೆ ಎಂದುಕೊಂಡೆ. ಫೋನಿನ ಅಭ್ಯಾಸ, ಸಿಕ್ಕ ಮೊದಲ ಸಂದಿಯಲ್ಲೇ ಮಂತ್ರಿಯನ್ನು ನುಗ್ಗಿಸಿ ಚೆಕ್ ಕೊಟ್ಟೆ. ಅವಳು ರಾಜನನ್ನು ಎತ್ತಿದಳು, ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಪಕ್ಕದ ಮನೆಯಲ್ಲಿ ಇಟ್ಟಳು. ಆಟ ಮುಂದುವರಿದು ಅವಳ ರಾಜ ಮೂಲೆಗೆ ಬಿದ್ದ. ಕೊನೆಯ ಚೆಕ್ ಕೊಟ್ಟು ಅವಳ ಕೈ ನೋಡಿದೆ. ಕೈ ಅವರೆಕಾಳಿಗೆ ಹೋಯಿತು.

"ಸೋತೆ ಬುಡು. ಕಾಪಿ ಕುಡಿತೀಯಾ?"

ರಾಜ ಹಾರಲಿಲ್ಲ. ವಿಜಯನಗರದ ತನಕ ನಡೆದೇ ಬಂದೆ. "ಏನಾಯ್ತು?" ಎಂದು ಹೆಂಡತಿ ಕೇಳಿದಳು. "ಗೆದ್ದೆ" ಎಂದೆ. ಗೆದ್ದವನ ಮುಖವಲ್ಲ ಅದು ಎಂದು ಅವಳಿಗೆ ಗೊತ್ತಾಯಿತು. ಮೂರು ದಿನ ಮಣೆ ಮುಟ್ಟಲಿಲ್ಲ. ಮಗಳ ಮುಂದೆ "ನೀನು ಹೇಳಿದ್ದೇ ಸರಿ" ಎನ್ನುವ ಮಾತನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಕೆರೆ ಏರಿಯ ಮೇಲೆ ನಡೆಯುತ್ತಾ ಅಕ್ಕನ ಜೊತೆಗಿನ ಆಟವನ್ನು ತಲೆಯಲ್ಲಿ ಮತ್ತೆ ಆಡಿದೆ. ಈಗ ಅದು ರೂಢಿಯಾಗಿತ್ತು. ಮಂತ್ರಿ ನುಗ್ಗಿದ ಆ ನಡೆಗೆ ಬಂದಾಗ ಕಾಲು ನಿಂತಿತು. ಅಕ್ಕನ ಕೈ ಗಾಳಿಯಲ್ಲಿ ನಿಂತದ್ದು ಎಲ್ಲಿ? ರಾಜನ ಪಕ್ಕದ ಮನೆಯ ಮೇಲಲ್ಲ. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ. ಅಲ್ಲಿಯ ತನಕ ಹೋಗಿ, ಯೋಚಿಸಿ, ಹಿಂದಕ್ಕೆ ಬಂದಿತ್ತು.

ಇದನ್ನು ನಾನು ಕಂಡಿದ್ದೆನೇ, ಕಾಣಬೇಕೆಂಬ ಆಸೆ ಈಗ ಕಾಣಿಸುತ್ತಿದೆಯೇ? ನನ್ನನ್ನು ನಂಬುವುದು ಕಷ್ಟ. ಆದರೆ ಆ ಎರಡು ಮಾತುಗಳು ನಾನು ಕಟ್ಟಿದ್ದಲ್ಲ, ಭಾವನೂ ಕೇಳಿದ್ದಾರೆ: "ಎರಡು ಮನೆ ಓಡ್ತಾನಾ?" "ಒಂದೇ ಸಲಕ್ಕೆ ಎರಡು ಕಾಯಿ." ಮರೆತವರು ಹಾಗೆ ಕೇಳುವುದಿಲ್ಲ. ಮರೆತವರು ಒಪ್ಪಿಕೊಳ್ಳುತ್ತಾರೆ. ಬೇರೆ ಏನನ್ನೋ ಗಟ್ಟಿಯಾಗಿ ನೆನಪಿಟ್ಟವರು ಕೇಳುತ್ತಾರೆ. ಅಕ್ಕ ನಿಯಮ ಮರೆತಿರಲಿಲ್ಲ. ಅವಳ ನಿಯಮ ಬೇರೆ ಇತ್ತು.

ಹಾಗಿದ್ದರೆ ಕೊನೆಯಲ್ಲಿ ಯಾಕೆ ಹಾರಲಿಲ್ಲ? ನಾನು ಮೊದಲೇ ಚೆಕ್ ಕೊಟ್ಟದ್ದರಿಂದ ಏನಾದರೂ ಕೆಟ್ಟಿತೇ? ಗೊತ್ತಿರಲಿಲ್ಲ. ಪ್ರಯೋಗದಲ್ಲಿ ಒಂದು ಸಂಗತಿಯನ್ನು ಬದಲಿಸಿ ಮತ್ತೆ ಮಾಡಿ ನೋಡಬೇಕು, ಅಷ್ಟೇ. ಈ ಸಲ ಕೊನೆಯ ತನಕ ಒಂದೂ ಚೆಕ್ ಕೊಡಬಾರದು.

ಹೇಳುವುದು ಸುಲಭ. ಚೆಕ್ ಕೊಡದೆ ರಾಜನನ್ನು ಕಟ್ಟಿಹಾಕುವುದೆಂದರೆ ಬಾಗಿಲು ತಟ್ಟದೆ ಮನೆಗೆಲ್ಲ ಬೀಗ ಹಾಕಿದ ಹಾಗೆ. ಕೈ ತುರಿಸುತ್ತದೆ. ವಾರಗಟ್ಟಲೆ ವರಾಂಡದಲ್ಲಿ ಅದೊಂದನ್ನೇ ಅಭ್ಯಾಸ ಮಾಡಿದೆ. ಎರಡೂ ಕಡೆ ನಾನೇ ಆಡುವುದು, ಚೆಕ್ ಸಿಕ್ಕಲ್ಲೆಲ್ಲ ನುಂಗಿಕೊಳ್ಳುವುದು, ಸದ್ದಿಲ್ಲದೆ ಒಂದೊಂದೇ ದಾರಿ ಮುಚ್ಚುವುದು. ಅರ್ಧಗಂಟೆ ಒಂದೆಡೆ ಕೂರದ ನಾನು ಬಿಸಿಲು ವರಾಂಡದ ಈ ಕಂಬದಿಂದ ಆ ಕಂಬಕ್ಕೆ ಸರಿಯುವ ತನಕ ಕೂರುತ್ತಿದ್ದೆ. ಕಾಫಿ ತಂದ ಹೆಂಡತಿ ಲೋಟ ಇಟ್ಟು ಏನೂ ಹೇಳದೆ ಹೋಗುತ್ತಿದ್ದಳು. ಅವಳು ಏನೂ ಹೇಳದೆ ಹೋಗುವುದೇ ಒಂದು ಪ್ರಶಸ್ತಿ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಬಲ್ಲೆ.

ಎರಡನೇ ಸಲ ಹೋದಾಗ ಅಕ್ಕ ತಾನಾಗಿ ಮಣೆ ಎಳೆದುಕೊಂಡಳು. "ಸೋಲಿಸಿ ಹೋದೋನು ಮತ್ತೆ ಬಂದ್ಬುಟ್ಟೆ. ರುಚಿ ಅತ್ತಿತಾ?"

ಆಡಿದೆವು. ನಾನು ಎಲ್ಲವನ್ನೂ ನುಂಗಿಕೊಂಡು ಆಡಿದೆ. ಮಂತ್ರಿಗೆ ದಾರಿ ಸಿಕ್ಕಿತು, ಬಿಟ್ಟೆ. ಒಂಟೆಗೆ ಸಿಕ್ಕಿತು, ಬಿಟ್ಟೆ. ಅಕ್ಕ ಮಧ್ಯದಲ್ಲಿ ಒಂದು ಸಲ ನನ್ನ ಮುಖ ನೋಡಿದಳು. ಇನ್ನೊಂದು ಸಲ ನೋಡಿದಳು. ಅವಳ ರಾಜ ತನ್ನ ಮನೆ ಬಿಟ್ಟು ಕದಲಿರಲಿಲ್ಲ. ಮುಂದೆ ಅವನದೇ ಕಾಲಾಳುಗಳು ಗೋಡೆ ಹಾಕಿದ್ದವು. ಪಕ್ಕದ ಮನೆಗಳನ್ನು ನನ್ನ ಒಂಟೆ, ಕುದುರೆ ಕಾಯುತ್ತಿದ್ದವು. ನನ್ನ ಆನೆಗಳೆರಡೂ ದೂರದ ಸಾಲಿಗೆ ಹೋಗಿದ್ದವು, ನನ್ನ ರಾಜನ ಬಳಿ ಯಾರೂ ಇರಲಿಲ್ಲ, ಅದರ ಚಿಂತೆಯೂ ನನಗಿರಲಿಲ್ಲ. ಆನೆಯನ್ನು ಕೊನೆಯ ಸಾಲಿಗೆ ಇಳಿಸಿದೆ.

"ಷಾ" ಎಂದೆ. ಚೆಕ್ ಎನ್ನಬೇಕೆಂದಿದ್ದೆ, ಬಾಯಿಗೆ ಬಂದದ್ದು ಷಾ.

ಅಕ್ಕ ಕೈ ಒರೆಸಿಕೊಂಡಳು. ರಾಜನ ತಲೆ ಹಿಡಿದು ಎತ್ತಿದಳು. ಕಾಲಾಳುಗಳ ಮೇಲಿಂದ, ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ, ಟಕ್ ಎಂದು ಇಟ್ಟಳು.

ಭಾವ ಪೇಪರು ಕೆಳಗಿಳಿಸಿ ಮಣೆ ನೋಡಿ ಗೊಳ್ಳೆಂದು ನಕ್ಕರು. "ಹಾರಿಸ್ಬುಟ್ಲಲ್ಲೋ! ಏನೋ ದೊಡ್ಡ ಬಲೆ ಹೆಣೀತಾ ಕೂತಿದ್ದೆ!"

"ಇದು... ಹೀಗೆ ಮಾಡಬಹುದಾ ಅಕ್ಕ?" ಎಂದೆ.

"ಯಾಕ್ ಮಾಡ್ಬಾರ್ದು? ರಾಜಂಗೆ ಆಟಕ್ಕೆ ಒಂದ್ ಸಲ ಕುದ್ರೆ ನಡೆ. ಮೊದಲ್ನೇ ಷಾಗೆ ಹಾರ್ಬೌದು. ಆಗ ಹಾರ್ಲಿಲ್ವಾ, ಆಮೇಲಿಲ್ಲ. ಅವತ್ತು ನೀನು ಸುರೂನಲ್ಲೇ ಷಾ ಕೊಟ್ಬುಟ್ಟೆ. ಅಲ್ಲಿ ಹಾರಿದ್ರೆ ನಿನ್ನ ಒಂಟೆ ಬಾಯಿಗೆ ಬೀಳ್ತಿದ್ದೆ, ಅದ್ಕೇ ಪಕ್ಕಕ್ಕೆ ಇಟ್ಟೆ. ಓಯ್ತು ನನ್ನ ಹಾರೋದು. ಆಡೋಕೆ ಬರೋರು ಅಂಗೇ ಮಾಡೋದು, ಮೊದ್ಲು ಒಂದು ಷಾ ಎಸೆದು ಹಾರೋದನ್ನ ಕಿತ್ಕೊಳ್ಳೋದು. ಇವತ್ತು ಏನ್ ಬಂದಿತ್ತು ನಿಂಗೆ, ಕೊಡದೇ ಕೊಡದೇ ಕೂತಿದ್ದೆ? ಅಂಗಡಿಗೆ ಬಂದಿದ್ರಲ್ಲ ಆ ವಕೀಲ್ರು, ಥೇಟ್ ಅವರಂಗೆ."

"ಅವರು ಹೇಗೆ?"

"ಅವರಿಗೆ ಇದು ಗೊತ್ತಿರ್ಲಿಲ್ಲ. ಇಂಗ್ಲಿಷ್ ಪುಸ್ತಕದ ಆಟ ಅವರ್ದು. ಚಿಲ್ಲರೆ ಷಾ ಕೊಡೋದು ಹುಡುಗಾಟ, ನಾನು ಷಾ ಅನ್ನೋದು ಒಂದೇ ಸಲ ಅಂತ ಕೊಚ್ಕೊತಾ ಇದ್ರು. ಅವ್ವ ಒಳಗೊಳಗೇ ನಗ್ತಾ ಕೂತಿದ್ಲು. ಒಂದೇ ಸಲ ಅನ್ನೋನಿಗೆ ಒಂದೇ ಸಲ ಹಾರೋನು ಸಾಕಲ್ಲ. ಅವ್ವ ಹಾರಿಸ್ತಿದ್ದಂಗೆ ಎಲ್ಲಾರೂ ಅವರ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು. ಅವರು ಮೊದ್ಲು ಜಗಳಕ್ಕೆ ನಿಂತ್ರು. ಪಾತ್ರೆ ಅಂಗಡಿ ಅಣ್ಣ, ಈ ಮಣೆಗೆ ಕೂತ್ರೆ ಈ ಮಣೆ ಆಟ ಸ್ವಾಮಿ ಅಂದ್ರು. ಸರಿ ಅಂತ ಒಪ್ಕೊಂಡು ಕೂತ್ರು, ನ್ಯಾಯವಾಗೇ ಸೋತ್ರು."

ಷಾ ಅನ್ನೋದು ಒಂದೇ ಸಲ. ನಾನು ಯಾರಿಗೂ ಹೇಳದ ಚೂರು. ಅದಕ್ಕೆ ಅರ್ಥವಿದೆ ಎಂದೇ ತಿಳಿಯದೆ ನಾನು ಇಟ್ಟುಕೊಂಡಿದ್ದ ಚೂರು, ಅಕ್ಕನ ಬಾಯಿಂದ ತಾನಾಗಿ ಬಿದ್ದಿತ್ತು. ಅರ್ಥ ಗೊತ್ತಿಲ್ಲದ್ದನ್ನು ಮನುಷ್ಯ ಅಷ್ಟು ಸರಿಯಾಗಿ ಕಟ್ಟಲಾರ. ಅಷ್ಟು ಸಾಕು. ಎಂಥ ಕಟು ಪರೀಕ್ಷಕನೂ ಇದಕ್ಕೆ ಅಂಕ ಕೊಡುತ್ತಾನೆ. ನಾನು ಕಂಡದ್ದು ನಿಜ, ಅವ್ವ ಆಡಿದ್ದು ನ್ಯಾಯದ ಆಟ, ಆ ನಗು ವಕೀಲರನ್ನು ನೋಡಿ ನಕ್ಕದ್ದು. ಅವತ್ತು ಅವರು ಕೂತಿದ್ದ ಜಾಗದಲ್ಲಿ ಈಗ ನಾನೇ ಕೂತು ಅದನ್ನು ಎದುರಿನಿಂದ ಕೇಳಿದ್ದೆ. ಅದರಲ್ಲಿ ಕರುಣೆಯ ಲವಲೇಶವೂ ಇರಲಿಲ್ಲ.

"ಇಷ್ಟು ವರ್ಷ ಈ ಕಥೆ ಹೇಳ್ತಾ ಇದ್ದೀನಿ, ಇದು ನಿಯಮ ಅಂತ ನೀನು ಒಂದ್ ಮಾತು ಹೇಳಲಿಲ್ವಲ್ಲ ಅಕ್ಕ?"

"ನಿಂಗ್ ಗೊತ್ತಿಲ್ಲ ಅಂತ ನಂಗೇನು ಗೊತ್ತು? ಓದ್ದೋನು ನೀನು." ಅವಳು ಮಣೆ ತೋರಿಸಿದಳು. "ಮಾತ್ ಸಾಕು. ನಿನ್ನ ರಾಜನ್ನ ನೋಡ್ಕೊ. ಕಾಯೋರಿಲ್ಲ."

ನೋಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಸೈನ್ಯವೆಲ್ಲ ಅವಳ ಖಾಲಿ ಅರಮನೆಯ ಸುತ್ತ ನಿಂತಿತ್ತು. ಅವಳ ಮಂತ್ರಿ, ಆನೆ ನಿಧಾನವಾಗಿ ಬಂದು ನನ್ನ ರಾಜನನ್ನು ಹಿಡಿದವು. ತಿಂಗಳುಗಟ್ಟಲೆ ಓದಿ ಕಲಿತ ಆಟವನ್ನು ಅವರೆಕಾಳು ಹಿದುಕುತ್ತಿದ್ದ ಅಕ್ಕನಿಗೆ ಸೋತೆ. ಮನೆಗೆ ಬಂದಾಗ ಹೆಂಡತಿ ಮುಖ ನೋಡಿ, "ಗೆದ್ರಾ?" ಎಂದಳು.

"ಸೋತೆ" ಎಂದೆ, ಮೆಟ್ಟಿಲ ಮೇಲೆ ನಿಂತು, ಬೀದಿಗೆ ಕೇಳಿಸುವ ಹಾಗೆ.

ಮುಂದಿನ ಭಾನುವಾರ ಅಕ್ಕ, ಭಾವ ನಮ್ಮ ಮನೆಗೆ ಊಟಕ್ಕೆ ಬಂದರು. ಮಗಳಿಗೆ ಕಾಲಾಳಿನ ಒಂದು ಮನೆ, ರಾಜನ ಒಂದು ಹಾರಾಟ, ಮೊದಲನೇ ಷಾ ಎಲ್ಲವನ್ನೂ ಅಕ್ಕನೇ ಹೇಳಿದಳು. ಮಗಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನನ್ನ ಕಡೆ ತಿರುಗಿ, "ಅಜ್ಜಿ ಮೋಸ ಮಾಡ್ಲಿಲ್ಲ. ಸಾರಿ ಅಪ್ಪ" ಎಂದಳು. ಆಮೇಲೆ ಫೋನನ್ನು ಫ್ರಿಜ್ಜಿನ ಮೇಲಿಟ್ಟು ಬಂದು ಅತ್ತೆಯ ಎದುರು ಕೂತಳು.

ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೆ. ಮಗಳ ಒಂಟೆ ಓರೆಯಾಗಿ ದೂರ ಬಂದು ನಿಂತಿತು.

"ಷಾ" ಎಂದಳು ಮಗಳು. ಅದರಿಂದ ಬೇರೆ ಲಾಭವೇನೂ ಇರಲಿಲ್ಲ; ಎರಡು ನಡೆಯಲ್ಲಿ ಆ ಒಂಟೆ ಹಿಂದಕ್ಕೆ ಹೋಗಲೇಬೇಕಿತ್ತು.

ಅಕ್ಕ ನನ್ನನ್ನು ನೋಡಿದಳು. "ನೀನ್ ಹೇಳ್ಕೊಟ್ಯೇನೋ?"

"ಇಲ್ಲ."

"ಎಲಾ ಇವಳ! ಕೂರ್ತಿದ್ದಂಗೇ ನನ್ನ ಹಾರೋದನ್ನ ಕೀಳೋಕೆ ಬಂದವಳೆ. ಇವಳು ನಿನ್ನಂಗಲ್ಲ ಕಣೋ. ಅವ್ವನ ಮೊಮ್ಮಗಳು."

ಅಕ್ಕ ರಾಜನನ್ನು ಎತ್ತಿದಳು. ಈಗಲೇ ಹಾರಿಸುವುದೋ, ಪಕ್ಕಕ್ಕೆ ಸರಿಸಿ ಆ ಒಂದು ಅವಕಾಶವನ್ನು ಕಳೆದುಕೊಳ್ಳುವುದೋ ಎಂದು ಯೋಚಿಸುತ್ತಾ, ಕಾಲಾಳುಗಳ ಸಾಲಿನ ಮೇಲೆ ಕೈ ಹಾಗೇ ಹಿಡಿದುಕೊಂಡು ಕೂತಳು.